ಗಚ್ಚಿಯ ಮೇಲಿನ ಐದು ಗಡಿಗೆ ಹೊಲ

ಬಾಡಿಗೆ ಮನೆಯಲ್ಲಿದ್ದುಕೊಂಡು ಭೂಮಿಗೆ ಭಾರವಾಗದಂತೆ ಬದುಕುತ್ತೇನೆ ಎಂದು ಯಾರಾದರೂ ಹೊರಟರೆ ಭೂಮಿ ಏನೂ ಅನ್ನುವುದಿಲ್ಲ. ಮಾಲಕರು ಅನ್ನುತ್ತಾರೆ, ಬಾಜೂ ಮನೆಯವರು ಅನ್ನುತ್ತಾರೆ, ಬಸ್ಸಿನ ಕಂಡಕ್ಟರನೂ ಅನ್ನುತ್ತಾನೆ. ಹೀಗೆ ಅನ್ನಿಸಿಕೊಳ್ಳುವ ಯೋಗ ನನಗೆ ಊರೂರಿಗೂ ಬೆನ್ನು ಹತ್ತಿ ಬಂದಿದೆ.

ನಾನು ಬೆಳಗಾವಿ ಕಡೆಯವಳೇ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ನೌಕರಿಯ ನೆಪದಲ್ಲಿ ಭೋಪಾಲ, ಶಿಲ್ಲಾಂಗ್, ನೈರೋಬಿ ಎಂದು ಸುತ್ತಿದೆ. ಯಾವ ಮನೆಯಲ್ಲೂ ಕ್ಯಾಲೆಂಡರಿನ ಕೊನೆಯ ಹಾಳೆ ಹರಿದವಳಲ್ಲ. ಎರಡು ಸಾವಿರದ ಇಸವಿಯ ಸುಮಾರಿಗೆ, ಒಂದು ಶಿವರಾತ್ರಿ ಮುಂದೆ, ಒಂದೇ ಒಂದು ಹಳೆಯ ಪೆಟ್ಟಿಗೆ ಹಿಡಿದುಕೊಂಡು ಬೆಳಗಾವಿಯ ಸದಾಶಿವನಗರಕ್ಕೆ ಬಂದಿಳಿದೆ. ಎರಡನೇ ಮಹಡಿಯ ಫ್ಲ್ಯಾಟು, ಅದರ ಮೇಲೆ ಗಚ್ಚಿ. ಬೇರೆ ಊರಿನವರು ಅದಕ್ಕೆ ಟೆರೇಸು ಅನ್ನುತ್ತಾರೆ. ನೆಲಮಹಡಿಯಲ್ಲಿ ಮಾಲಕರು ಮತ್ತು ಅವರ ಹೆಂಡತಿ. ಹಿಂಡಲಗಾ ಕಡೆಯ ಹೊಲ ಮಾರಿ ಈ ಕಟ್ಟಡ ಎಬ್ಬಿಸಿದವರು. ಕರಾರು ಎಲ್ಲ ಕಡೆಯ ಹಾಗೆ ಹನ್ನೊಂದು ತಿಂಗಳಿಗೆ.

ಈ ಸಲ ಮಾತ್ರ ನನಗೊಂದು ಹಟ ಹಿಡಿದಿತ್ತು. ಇಷ್ಟು ಊರು ನೋಡಿದ್ದೇನೆ, ಆದರೆ ನನ್ನ ಮನೆಯ ಕಸ ಎಲ್ಲಿಗೆ ಹೋಗಿ ಏನಾಯಿತೆಂದು ಒಂದೂರಲ್ಲೂ ನೋಡಿಲ್ಲ. ಇಲ್ಲಿನ ಕಸ ಇಲ್ಲೇ ಮಣ್ಣಾಗುವುದನ್ನು ಕಣ್ಣಾರೆ ನೋಡಬೇಕು, ಆಮೇಲೆ ಬೇಕಾದರೆ ಹೊರಡಬೇಕು. ಕಸ ಮಣ್ಣಾಗಲು ಬೇಕಾದದ್ದು ತಾಳ್ಮೆ. ಅದೊಂದು ನನ್ನ ಪೆಟ್ಟಿಗೆಯಲ್ಲಿ ಯಾವತ್ತೂ ಇರಲಿಲ್ಲ.

ತಂಗಳು ನೀರು

ನಮ್ಮ ಓಣಿಗೆ ನೀರು ಬರುವುದು ಕೆಲವು ದಿನಕ್ಕೊಮ್ಮೆ. ಹಾಗೆ ಬಂದ ಮೊದಲ ದಿನವೇ ಬಾಜೂ ಫ್ಲ್ಯಾಟಿನಿಂದ ಧಬಧಬ ಸದ್ದು ಕೇಳಿ ಓಡಿಹೋದೆ. ಪೈಪು ಒಡೆಯಿತೆಂದುಕೊಂಡೆ. ನೋಡಿದರೆ ಆ ಮನೆಯಾಕೆ, ಓಣಿಗೆಲ್ಲ ವೈನಿ ಅಂದರೆ ಅತ್ತಿಗೆ, ಸೀರೆ ಎತ್ತಿ ಕಟ್ಟಿಕೊಂಡು ತುಂಬಿದ ಬ್ಯಾರಲ್ಲನ್ನು ಮೋರಿಗೆ ಬಗ್ಗಿಸುತ್ತಿದ್ದಾರೆ.

"ವೈನೀ, ಏನ ಮಾಡಾಕತ್ತೀರಿ?"

"ನೀರ ಬಂದಾವಲ್ರಿ, ಹಳೇವು ಚೆಲ್ಲಾಕತ್ತೇನಿ."

"ಅವೂ ಛಲೋ ಅದಾವಲ್ರಿ."

"ಅಯ್ಯ, ತಂಗಳ ನೀರ್ರಿ ಅವು!"

ನಾನು ಲೋಕ ತಿರುಗಿದವಳಲ್ಲವೇ, ತಿಳಿಸಿ ಹೇಳಲು ಹೋದೆ. "ಈಗ ಬಂದಾವಲ್ಲ, ಅವೂ ಅದ ಕೆರೀ ನೀರು. ಆ ಕೆರ್ಯಾಗ ನಿಂತು ಎಷ್ಟ ತಿಂಗಳ ಆಗಿರಬೇಕು?"

ವೈನಿ ಬ್ಯಾರಲ್ ಹಿಡಿದುಕೊಂಡೇ ಒಂದು ಕ್ಷಣ ವಿಚಾರ ಮಾಡಿದರು. "ಕೆರ್ಯಾಗ ಇದ್ದಾಗ ಅವು ಯಾರವೂ ಅಲ್ರಿ. ನಮ್ಮ ಮನೀಗೆ ಬಂದ ಮ್ಯಾಲ ನಮ್ಮವು. ನಮ್ಮವಾದ ಮ್ಯಾಲ ತಂಗಳ ಆಗಾಕ ಸುರು ಆಗತಾವು."

ಇಂಥ ಲೆಕ್ಕ ನೈರೋಬಿಯಲ್ಲೂ ಕಲಿತಿರಲಿಲ್ಲ. "ಚೆಲ್ಲೂದಿದ್ರ ನನಗ ಕೊಡ್ರಿ, ಬಟ್ಟಿ ಒಗ್ಯಾಕ ಆಗತಾವು" ಎಂದುಬಿಟ್ಟೆ.

ಮುಂದಿನ ನೀರಿನ ದಿನ ಬಾಗಿಲು ತೆಗೆದರೆ ಮೆಟ್ಟಿಲ ತುದಿಯವರೆಗೂ ಕೊಡಪಾನ, ಬಕೆಟು, ಡಬರಿ. ಕಟ್ಟಡದ ಎಲ್ಲ ಮನೆಯ ತಂಗಳು ನೀರೂ ನನ್ನ ಬಾಗಿಲಿಗೆ ಬಂದಿದೆ, ಹಬ್ಬದ ಮರುದಿನ ಉಳಿದ ಅನ್ನ ಬಂದ ಹಾಗೆ. ತುಂಬಿಸಿಕೊಂಡು ತುಂಬಿಸಿಕೊಂಡು ನನ್ನ ಬಚ್ಚಲಲ್ಲಿ ಕಾಲಿಡಲು ಜಾಗವಿಲ್ಲ. ಮೈಗೆ ನೀರು ಹಾಕಿಕೊಳ್ಳಬೇಕಾದರೆ ಅಡುಗೆಮನೆಗೆ ಹೋಗುವ ಸ್ಥಿತಿ.

ಸಂಜೆ ಮಾಲಕರ ಹೆಂಡತಿ, ಎಲ್ಲರೂ ಅಕ್ಕಾರು ಎಂದು ಕರೆಯುವವರು, ಸೆರಗಿನಡಿ ಒಂದು ಸಣ್ಣ ತಂಬಿಗೆ ಮುಚ್ಚಿಕೊಂಡು ಮೇಲೆ ಬಂದರು. ದನಿ ತಗ್ಗಿಸಿ ಹೇಳಿದರು:

"ತಂಗೀ, ಒಬ್ಬಾಕಿನ ಇರತೀರಿ, ಯಾರಿಗೂ ಹೇಳಂಗಿಲ್ಲ. ಇವತ್ತೊಂದಿನಾರ ತಾಜಾ ನೀರ ಕುಡೀರಿ."

ತೂತಿನ ಗಡಿಗೆ

ಮಳೆ ಹಿಂದೆಗೆದ ಮೇಲೆ ಖಾನಾಪುರಕ್ಕೆ ಹೋದೆ. ಅಲ್ಲಿಯ ಮಣ್ಣಿನ ಗಡಿಗೆಗೆ ಸುತ್ತಲಿನ ಸೀಮೆಯಲ್ಲೆಲ್ಲ ಹೆಸರು. ಗಡಿಗೆಯಲ್ಲಿ ಒಣಗಿದೆಲೆ, ಸೆಗಣಿ, ಕಾಯಿಪಲ್ಯದ ಸಿಪ್ಪೆ ಒಂದರ ಮೇಲೊಂದು ಹಾಸಿ ಎರೆಹುಳ ಬಿಟ್ಟರೆ ಗೊಬ್ಬರವಾಗುತ್ತದೆ. ಗಾಳಿಯಾಡಲು ಗಡಿಗೆಗೆ ತೂತಿರಬೇಕು, ಅಷ್ಟೆ. ಕುಂಬಾರರ ಅಂಗಡಿಯಲ್ಲಿ ಅದನ್ನೇ ಹೇಳಿದೆ.

"ದೊಡ್ಡ ಗಡಿಗಿ ಐದು ಬೇಕ್ರಿ. ತೂತ ಇರಬೇಕು."

ಕುಂಬಾರರು ನನ್ನನ್ನೇ ನೋಡಿದರು. ಒಳಗೆ ತಿರುಗಿ ಮರಾಠಿಯಲ್ಲಿ ಹೆಂಡತಿಯನ್ನು ಕೂಗಿದರು. ಈ ಬಾಯಿ, ಎಂದರೆ ಈ ಹೆಂಗಸು, ಏನಂತಾಳೆ ಬಂದು ನೋಡು ಎಂದು. ಆಕೆ ಕೈ ಒರೆಸಿಕೊಳ್ಳುತ್ತ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಹೋದಳು. ನೋಡುವುದೇನೂ ಉಳಿದಿರಲಿಲ್ಲವೆಂದು ಕಾಣುತ್ತದೆ.

"ಬಾಯಾರ," ಎಂದರು ಕುಂಬಾರರು ಕನ್ನಡಕ್ಕೆ ಬಂದು, "ನಮ್ಮ ಮುತ್ಯಾನ ಕಾಲದಿಂದ ಈ ಅಂಗಡ್ಯಾಗ ತೂತಿನ ಗಡಿಗಿ ಮಾರಿಲ್ಲ. ಹಿಂದಕ್ಕ ತಂದು ಜಗಳಾ ಮಾಡಿದವರು ಅದಾರ, ಬೇಕಂತ ಕೇಳಿದವರು ನೀವ ಮೊದಲ."

"ಹಂಗಾರ ನೀವ ತೂತ ಹಾಕಿ ಕೊಡ್ರಿ."

"ನಾ ಮಾಡಿದ್ದಕ್ಕ ನಾನ ತೂತ ಹಾಕ್ಲ್ಯಾ? ಕೈ ಬರಂಗಿಲ್ರಿ. ಹಂಗ ಒಯ್ರಿ. ಬೆಳಗಾವಿ ಬಸ್ಸಿನ್ಯಾಗ ಇಡ್ರಿ, ಊರ ಮುಟ್ಟೂದ್ರಾಗ ತಾನ ಬಿದ್ದಿರತಾವು."

ಊರಾಚೆಯ ರೈತರೊಬ್ಬರ ತಿಪ್ಪೆಯಿಂದ ಸೆಗಣಿ ಸಮೇತ ಎರೆಹುಳ ತುಂಬಿಸಿಕೊಂಡೆ. ನಾಲ್ಕು ಗಡಿಗೆ ಹುಲ್ಲು ಸುತ್ತಿ ಬಸ್ಸಿನ ತಲೆಯ ಮೇಲೆ, ಹುಳದ ಗಡಿಗೆ ನನ್ನ ತೊಡೆಯ ಮೇಲೆ. ಬಸ್ಸು ಕಿಕ್ಕಿರಿದಿತ್ತು. ಒಬ್ಬಾಕೆ ನನ್ನ ಬಾಜೂಕ, ಇನ್ನೊಬ್ಬಾಕೆ ಅರ್ಧ ಸೀಟಿನ ಮೇಲೆ, ಅರ್ಧ ನನ್ನ ಮೇಲೆ. ಕಂಡಕ್ಟರ ಬಂದ.

"ಒಳಗ ಏನೈತ್ರಿ?"

"ಎರಿಹುಳ."

"ಜೀವಂತ?"

"ಸತ್ತವು ಒಯ್ದು ಏನ ಮಾಡ್ಲಿ?"

ಕಂಡಕ್ಟರ ಪೆನ್ಸಿಲ್ ಕಿವಿಗೆ ಸಿಗಿಸಿಕೊಂಡ. "ಕೋಳಿಗೆ ಟಿಕೀಟ ಐತಿ, ಆಡಿಗೆ ಟಿಕೀಟ ಐತಿ. ಹುಳಕ್ಕ ಏನ ಹರೀಲಿ?" ಎಂದು ಬಸ್ಸನ್ನೇ ಕೇಳಿದ. ಬಸ್ಸಿನಲ್ಲಿ ಪಂಚಾಯಿತಿ ಸುರುವಾಯಿತು. ಕಾಲಿಲ್ಲದ್ದಕ್ಕ ಟಿಕೀಟು ಯಾತಕ್ಕ ಎಂದು ಒಬ್ಬರು. ಕಾಲಿಲ್ಲದವಕ್ಕೆ ನಿಂತು ಬರಲು ಆಗುವುದಿಲ್ಲ, ಆದ್ದರಿಂದ ಸೀಟಿನ ದರವೇ ಹಚ್ಚಬೇಕು ಎಂದು ಇನ್ನೊಬ್ಬರು. ಎಷ್ಟಿವೆ ಎಂದು ಎಣಿಸಿ ಹರಿಯಬೇಕೆಂದವರೂ ಇದ್ದರು.

ಕಂಡಕ್ಟರ ಎಣಿಸಲೆಂದೇ ಗಡಿಗೆಯ ಬಾಯಿಬಟ್ಟೆ ತುಸು ಸರಿಸಿದ. ಬಾಜೂಕ ಕುಳಿತಾಕೆ ಎದ್ದಳು. ಅರ್ಧ ಕುಳಿತಾಕೆ ಪೂರ್ತಿ ಎದ್ದಳು. ಹಿಂದಿನ ಸೀಟೂ ಮುಂದಿನ ಸೀಟೂ ತೆರವಾದವು. ಟಿಕೀಟು ಹರಿಯದೆ ಕಂಡಕ್ಟರನೂ ಮುಂದೆ ಹೋದ.

ತೂತು ಬೇಕಾಗಿದ್ದ ಆ ಒಂದು ದಿನ ಬಸ್ಸು ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಐದೂ ಗಡಿಗೆ ಅಖಂಡ. ಮನೆಯಲ್ಲಿ ಮೊಳೆ ಹಿಡಿದು ನಾನೇ ತೂತು ಮಾಡಬೇಕಾಯಿತು. ಆದರೆ ಒಂದು ವಿದ್ಯೆ ಕಲಿತೆ. ಅಂದಿನಿಂದ ಬಸ್ಸು ತುಂಬಿದ್ದರೆ ನಾನು ಜಾಗ ಕೇಳುವುದಿಲ್ಲ. ಖಾಲಿ ಚೀಲ ತೊಡೆಯ ಮೇಲಿಟ್ಟುಕೊಂಡು, "ಸ್ವಲ್ಪ ನೋಡ್ರಿ, ಹುಳಾ ಅದಾವು" ಎನ್ನುತ್ತೇನೆ.

ಹಕ್ಕಿನ ಚೀಲ

ಕಿರಾಣಿ ಅಂಗಡಿಯವರು ಮಿತಭಾಷಿ. ಬೇಳೆಗೊಂದು ಪ್ಲಾಸ್ಟಿಕ್ ಚೀಲ, ಸಕ್ಕರೆಗೊಂದು, ಎಲ್ಲ ಸೇರಿಸಿ ಮತ್ತೊಂದು ದೊಡ್ಡದು. ಇದು ಅವರ ಪದ್ಧತಿ. ನಾನು ಅರಿವೆ ಚೀಲ ಚಾಚಿ "ಒಲ್ಲೆ" ಅನ್ನುತ್ತಿದ್ದೆ. ಅವರು ಪೊಟ್ಟಣ ಕಟ್ಟಿಕೊಡುತ್ತಿದ್ದರು. ಒಬ್ಬರನ್ನಾದರೂ ತಿದ್ದಿದೆ ಎಂಬ ಗತ್ತಿನಲ್ಲಿ ನಾನು ತಿಂಗಳುಗಟ್ಟಲೆ ಬೀಗಿದೆ.

ದೀಪಾವಳಿಯ ಅಂಗಡಿ ಪೂಜೆಗೆ ಕರೆದರು. ಹೋದೆ. ಪೇಡೆ ಕೊಟ್ಟರು. ಆಮೇಲೆ ಕೌಂಟರಿನ ಕೆಳಗಿನಿಂದ ದಿಂಬಿನ ಗಾತ್ರದ ಒಂದು ಗಂಟು ತೆಗೆದು ನನ್ನ ಮುಂದಿಟ್ಟರು.

"ಏನ್ರಿ ಇದು?"

"ನಿಮ್ಮವ ರೀ. ಶಿವರಾತ್ರಿಯಿಂದ ಇಲ್ಲೀಮಟ ನೀವು ಒಲ್ಲೆ ಅಂದ ಚೀಲಾ. ಅಂದಂದಿನದ ಅಂದ ತಗದ ಬಾಜೂಕ ಇಟ್ಟೇನಿ."

"ಅಲ್ರಿ, ನಾ ಒಲ್ಲೆ ಅಂದದ್ದು ಯಾಕಂದ್ರ..."

"ಸಂಕೋಚ ಮಾಡ್ಕೋಬ್ಯಾಡ್ರಿ. ಗಿರಾಕಿ ಹಕ್ಕಿಂದು ನಾ ಇಟಗೊಳ್ಳಾವಲ್ಲ." ತಲೆಯ ಮೇಲಿನ ಬಸವಣ್ಣನ ಫೋಟೋ ತೋರಿಸಿದರು. "ಇವರ ಕೆಳಗ ಕುಂತು ವ್ಯಾಪಾರ ಮಾಡತೇನಿ."

ಪೂಜೆಗೆ ಬಂದವರೆಲ್ಲ ಅವರ ಪ್ರಾಮಾಣಿಕತನಕ್ಕೆ ತಲೆದೂಗಿದರು. ಆ ಫೋಟೋದ ಎದುರು, ಅಷ್ಟು ಜನರ ನಡುವೆ, ಬೇಡ ಅನ್ನುವ ಧೈರ್ಯ ನನಗಾಗಲಿಲ್ಲ. ಗಂಟು ಎತ್ತಿಕೊಂಡೆ.

"ತಡೀರಿ, ಹಂಗ ಒಯ್ಯಬ್ಯಾಡ್ರಿ" ಎಂದವರೇ, ಅಷ್ಟನ್ನೂ ಹಾಕಿಕೊಳ್ಳಲು ಒಂದು ಹೊಸ ದೊಡ್ಡ ಪ್ಲಾಸ್ಟಿಕ್ ಚೀಲ ಕೊಟ್ಟರು.

ಮೂಗಿನ ಪಂಚಾಯಿತಿ

ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಗಚ್ಚಿಯ ಮೂಲೆಯಲ್ಲಿ ಐದು ಗಡಿಗೆ ಸಾಲಾಗಿ ಕುಳಿತಿದ್ದವು. ಒಣ ಎಲೆ ತುಂಬಿಡಲು ಬೇರೆ ಜಾಗವಿಲ್ಲದೆ ನನ್ನ ಪೆಟ್ಟಿಗೆಯನ್ನೇ ಬಾಯಿ ತೆರೆದು ಅವುಗಳ ಬಾಜೂಕ ಇಟ್ಟಿದ್ದೆ. ಅದಕ್ಕೂ ತುಸು ವಿಶ್ರಾಂತಿ. ನಾನು ಮಾತ್ರ ದಿನಕ್ಕೆ ಹತ್ತು ಸಲ ಮೇಲೆ ಹೋಗಿ ಮುಚ್ಚಳ ತೆಗೆದು ನೋಡುತ್ತಿದ್ದೆ. ರೈಲಿಗೂ ಕಾಯದವಳು ಹುಳಕ್ಕೆ ಕಾಯುತ್ತಿದ್ದೆ.

ಒಂದು ಬೆಳಿಗ್ಗೆ ಮಾಲಕರು ಬಾಗಿಲಲ್ಲಿ ನಿಂತರು.

"ಬಾಯಾರ, ಎಳ್ಳಮಾಸಿಗೆ ನಿಮ್ಮ ಕರಾರ ಮುಗೀತೈತಿ. ಮುಂದ ಇರೂದಿದ್ರ ಗಡಿಗಿ ತೆಗೀರಿ. ಗಡಿಗಿ ಇರೂದಿದ್ರ ನೀವು ಹೋಗ್ರಿ. ಮನೀ ನೋಡಾಕ ಒಬ್ಬ ಸಾಹೇಬ್ರ ಬರಾವ್ರದಾರ."

"ಗಡಿಗಿ ಏನ ಮಾಡ್ಯಾವ್ರಿ?"

"ವಾಸನಿ ಬರತೈತಂತ."

"ಯಾರಿಗೆ?"

"ಎಲ್ಲಾರಿಗೂ."

"ನಿಮಗ?"

"ನನಗ ನೆಗಡಿ."

ಬೇರೆ ಊರಾಗಿದ್ದರೆ ಆ ಮಾತಿಗೇ ಪೆಟ್ಟಿಗೆ ಮುಚ್ಚುತ್ತಿದ್ದೆ. ಆದರೆ ಗಡಿಗೆಗಳ ತಳದಲ್ಲಿ ಕಪ್ಪಗೆ ಮಣ್ಣಾಗತೊಡಗಿತ್ತು. ಮೇಲೆ ಇನ್ನೂ ಸಿಪ್ಪೆ. ಹುಳಗಳಿಗೆ ಇನ್ನೆರಡು ತಿಂಗಳು ಬೇಕಿತ್ತು, ಮಾಲಕರು ಕೊಟ್ಟದ್ದು ಅದರ ಅರ್ಧ. ಜೀವಮಾನದಲ್ಲಿ ಮೊದಲ ಸಲ ಒಂದು ಮನೆ ಬಿಡಲು ನನಗೆ ಮನಸ್ಸಿರಲಿಲ್ಲ.

"ನೆಗಡಿ ಹೋದ ಮ್ಯಾಲ ಬಂದು ಮೂಸಿ ನೋಡ್ರಿ. ವಾಸನಿ ಇದ್ರ ಅವತ್ತ ತೆಗೀತೇನಿ" ಎಂದೆ.

ನೆಗಡಿ ಹೋಯಿತು. ಮಾಲಕರು ಓಣಿಯ ಇಬ್ಬರು ಹಿರಿಯರನ್ನೂ ಕರೆದುಕೊಂಡು ಗಚ್ಚಿಗೆ ಬಂದರು. ಮೂವರೂ ಧೋತರ ಸಾವರಿಸಿಕೊಂಡು ಒಂದೊಂದು ಗಡಿಗೆಗೂ ಬಗ್ಗಿದರು. ಮೊದಲನೆಯವರು "ಏನೂ ಇಲ್ಲ" ಎಂದರು. ಎರಡನೆಯವರು "ಮೊದಲ ಮಳಿ ಬಿದ್ದ ಹೊಲದಂಗ ಬರತೈತಿ" ಎಂದರು. ಅದನ್ನು ಕೇಳಿ ಮಾಲಕರು ಗಡಿಗೆಯೊಳಗೆ ಮೂಗಿಟ್ಟವರು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತೇ ಇಟ್ಟರು. ಎದ್ದಾಗ ಮುಖ ಬೇರೆಯಾಗಿತ್ತು.

"ವಾಸನಿ ಇಲ್ಲ, ಖರೇ" ಎಂದರು.

"ಹಂಗಾರ ಇರಲಿ?"

"ತೆಗೀರಿ."

"ಯಾಕ್ರಿ ಮತ್ತ?"

"ವಾಸನಿ ಐತಿ ಅಂತ ಓಣಿಗೆಲ್ಲಾ ಹೇಳಿ ಮುಗಿಸೇನಿ, ಬಾಯಾರ. ಈಗ ಇಲ್ಲ ಅಂತ ಹೇಳ್ಕೋತ ಮನಿ ಮನಿ ಯಾರ ಅಡ್ಡಾಡಾವ್ರು?"

ಚರಗ

ಗಡಿಗೆ ಬಿಟ್ಟು ಇರುವುದಕ್ಕಿಂತ ಗಡಿಗೆ ಸಮೇತ ಹೋಗುವುದೇ ಸೈ ಎಂದು ಬೇರೆ ಮನೆ ಹುಡುಕಿದೆ. ಎಲ್ಲ ಕಡೆ ಮೊದಲ ಪ್ರಶ್ನೆ ಒಂದೇ: "ಮನ್ಯಾಗ ಎಷ್ಟ ಮಂದಿ?" ಸುಳ್ಳೇಕೆ ಎಂದು "ನಾನೊಬ್ಬಾಕಿ. ಹುಳಾ ಮಾತ್ರ ಎಣಿಸಿಲ್ಲ" ಎನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಎಳ್ಳಮಾಸೆ ಬಂದೇಬಿಟ್ಟಿತು. ಸಂಜೆಗೆ ಟೆಂಪೋ ಹೇಳಿಟ್ಟಿದ್ದೆ. ಎಲ್ಲಿಗೆ ಎಂದು ಟೆಂಪೋದವನು ಕೇಳಿದ್ದ. ನನಗೂ ಗೊತ್ತಿರಲಿಲ್ಲ.

ಎಳ್ಳಮಾಸೆ, ಎಂದರೆ ಎಳ್ಳಮಾವಾಸ್ಯೆ, ನಮ್ಮ ಕಡೆ ಹೊಲಕ್ಕೆ ಉಣಿಸುವ ಹಬ್ಬ. ಬುಟ್ಟಿ ತುಂಬ ಅಡುಗೆ ಕಟ್ಟಿಕೊಂಡು ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಕೂಗುತ್ತ ಅನ್ನ ಎರಚುತ್ತಾರೆ. ಅದೇ ಚರಗ. ಭೂಮಿ ಉಂಡ ಮೇಲೆಯೇ ಮನೆಯವರ ಊಟ. ಮಾಲಕರು ಹೊಲ ಮಾರಿದ್ದರೂ ಕೊಂಡವರು ಅಲ್ಲಿ ಇನ್ನೂ ಏನೂ ಕಟ್ಟಿರಲಿಲ್ಲ. ಹಾಗಾಗಿ ಪ್ರತಿ ವರ್ಷ ಅಲ್ಲಿಗೇ ಚರಗ ಒಯ್ಯುತ್ತಿದ್ದರು. ಅಂದೂ ಬೆಳಿಗ್ಗೆ ಹೋದರು. ಮಧ್ಯಾಹ್ನದ ಹೊತ್ತಿಗೆ, ಬುಟ್ಟಿಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ, ತಿರುಗಿ ಬಂದರು.

ಅಕ್ಕಾರು ಮೆಟ್ಟಿಲ ಮೇಲೆ ಕುಸಿದು ಕುಳಿತರು. "ಕಂಪೌಂಡ ಕಟ್ಟ್ಯಾರ, ತಂಗೀ. ಗೇಟಿಗೆ ಕೀಲಿ. ನಮ್ಮ ಹೊಲದ ಮುಂದ ನಾವ ಬುಟ್ಟಿ ಹೊತ್ತು ನಿಂತ ಬಂದ್ವಿ."

"ಗ್ವಾಡಿ ಮ್ಯಾಲಿಂದ ಒಗದ್ರಾತಿತ್ತು ಅಂದೆ" ಎಂದರು ಮಾಲಕರು.

"ಒಗ್ಯಾಕ ಅದೇನ ನಾಯಿಗೇನ್ರಿ? ಭೂಮಿತಾಯಿಗೆ! ಚರಗಾ ಚೆಲ್ಲದ ನಾ ಒಂದ ತುತ್ತ ಉಣ್ಣಂಗಿಲ್ಲ. ನೀವೂ ಉಣ್ಣಂಗಿಲ್ಲ."

ಎರಡನೆಯ ಮಾತು ಮಾಲಕರಿಗೆ ನಾಟಿತು. ಅಂಗಳದಲ್ಲಿ ಮಣ್ಣು ಹುಡುಕಿದರು. ರಾಡಿಯಾಗುತ್ತದೆಂದು ಅವರೇ ಮೂಲೆಮೂಲೆಗೂ ಫರ್ಸಿ ಕಲ್ಲು ಹಾಸಿಸಿದ್ದರು. ಹುಲ್ಲು ಹುಟ್ಟಲೂ ಸಂದಿಯಿರಲಿಲ್ಲ. ಅಕ್ಕಾರು ನಿಧಾನವಾಗಿ ತಲೆ ಎತ್ತಿ ಗಚ್ಚಿಯತ್ತ ನೋಡಿದರು.

"ತಂಗೀ, ನಿಮ್ಮ ಗಡಿಗ್ಯಾಗ ಮಣ್ಣೈತೇನು?"

"ತಳಕ್ಕ ಆಗೇತ್ರಿ ಅಕ್ಕಾರ. ಮ್ಯಾಲ ಇನ್ನೂ ಬದನಿಕಾಯಿ ತೊಟ್ಟ ಅದಾವು."

"ಹೊಲದಾಗೂ ಹಂಗ ಇರತಾವು. ಏಳ್ರಿ."

"ಅಲ್ಲ, ಇವತ್ತ ಖಾಲಿ ಮಾಡ್ರಿ ಅಂದ ಗಡಿಗಿಗೆ ನಾ ಹೆಂಗ ಕೈ ಮುಗೀಲಿ?" ಎಂದರು ಮಾಲಕರು.

"ಹಸದ ಹೊಟ್ಟೀಲೆ ಮುಗೀರಿ. ಸಲೀಸ ಆಗತೈತಿ."

ಐದು ಗಡಿಗೆ, ಐದು ಫರ್ಸಿ ಚೂರಿನ ಪಾಂಡವರು. ಪೂಜೆಯಾಯಿತು. ಮಾಲಕರು ಪರಾತದಲ್ಲಿ ಹೋಳಿಗೆ, ಎಣ್ಣಿಗಾಯಿ, ಮೊಸರನ್ನ ಕಲಸಿಕೊಂಡು ಗಡಿಗೆಗಳ ಸುತ್ತ ಹೊರಟರು. ಮೊದಲ ಸುತ್ತಿನಲ್ಲಿ ನಾಚಿಕೆ. "ಹುಲ್ಲುಲ್ಲಿಗೋ" ಎಂಬ ಕೂಗು ಗಂಟಲು ದಾಟಲಿಲ್ಲ. ಎರಡನೆಯದರಲ್ಲಿ ದನಿ ಬಿಚ್ಚಿತು. ಮೂರನೆಯ ಸುತ್ತಿನಲ್ಲಿ ಅವರು ಸದಾಶಿವನಗರದ ಗಚ್ಚಿಯ ಮೇಲಿರಲಿಲ್ಲ, ಹಿಂಡಲಗಾದ ಹೊಲದ ಬದುವಿನ ಮೇಲಿದ್ದರು. "ಹುಲ್ಲುಲ್ಲಿಗೋ!" ಎಂದು ಓಣಿ ಅದುರುವಂತೆ ಕೂಗಿ, ಎಕರೆಗಟ್ಟಲೆ ಹೊಲಕ್ಕೆ ಎರಚಿ ರೂಢಿಯಾದ ತೋಳು ಬೀಸಿ, ತುಂಬಿದ ಮುಷ್ಟಿಯನ್ನು ಒಗೆದರು.

ಚರಗ ಗಚ್ಚಿಯ ಕಟ್ಟೆ ದಾಟಿ ಹೋಯಿತು. ಕೆಳಗಿನಿಂದ "ಅಯ್ಯೋ!" ಎಂಬ ದನಿ ಬಂತು.

ಬಗ್ಗಿ ನೋಡಿದೆವು. ಮನೆ ನೋಡಲು ಬಂದ ಸಾಹೇಬರು. ಬಿಳಿ ಅಂಗಿ, ತಲೆಯ ಮೇಲೆ ಮೊಸರನ್ನ, ಹೆಗಲ ಮೇಲೆ ತೊಟ್ಟು ಸಮೇತ ಒಂದು ಎಣ್ಣಿಗಾಯಿ. ಮೈಸೂರು ಕಡೆಯವರು.

"ಏನ್ರೀ ಇದು? ಮೇಲಿಂದ ಏನ್ ಹಾಕ್ತಿದೀರಿ?"

"ಬರ್ರಿ ಸಾಹೇಬ್ರ, ಬರ್ರಿ!" ಮಾಲಕರಿಗೆ ಆವೇಶ ಇನ್ನೂ ಇಳಿದಿರಲಿಲ್ಲ. "ಚರಗಾ ರೀ! ನಿಮ್ಮ ಮ್ಯಾಲ ಬಿತ್ತಂದ್ರ ಛಲೋನ ಆತು, ಹೊಲದಾಗ ಪೀಕ ಭರ್ತಿ ಬೆಳೀತೈತಿ!"

"ನನ್ ಮೇಲೆ ಯಾಕ್ರೀ ಪೀಕು? ನಾನು ಮನೆ ನೋಡೋಕ್ ಬಂದಿದೀನಿ!"

ಅಕ್ಕಾರು ಕಟ್ಟೆಯ ಮೇಲಿಂದ ಬಗ್ಗಿ ಅಕ್ಕರೆಯಿಂದ ಹೇಳಿದರು, "ಅಲ್ಲೇ ನಿಂದರ್ರಿ. ಇನ್ನೆರಡ ಸುತ್ತ ಉಳದಾವು."

ಸಾಹೇಬರ ಸ್ಕೂಟರು ಓಣಿ ದಾಟಿದ ಸದ್ದು ಕೇಳಿಸಿತು.

ಊಟವಾಯಿತು. ಮಾಲಕರು ಗಡಿಗೆಯ ತಳಕ್ಕೆ ಕೈ ಹಾಕಿ ಒಂದು ಹಿಡಿ ಕಪ್ಪು ಮಣ್ಣು ತೆಗೆದರು. ಮೂಸಿದರು. ಈ ಸಲ ನೆಗಡಿಯ ಮಾತು ಬರಲಿಲ್ಲ.

"ಬಾಯಾರ, ಟೆಂಪೋ ಬ್ಯಾಡಂತ ಹೇಳ್ರಿ. ಚರಗಾ ಉಂಡ ಹೊಲಾ ಸುಗ್ಗೀಮಟ ಅಲುಗಸಬಾರ್ದು."

"ಮತ್ತ ನಾನು?"

"ನ್ಯಾಯ ನೋಡಿದ್ರ ನಿಮ್ಮ ಕರಾರ ಮುಗದೈತಿ. ನೀವು ಹೋಗಬೇಕು."

"ಹುಳಕ್ಕ ಯಾರ ಹಾಕಾವ್ರು?"

ಮಾಲಕರು ಹುಳಗಳನ್ನು ನೋಡಿದರು, ನನ್ನನ್ನು ನೋಡಿದರು. "ಹಂಗಾರ ನೀವೂ ಇರ್ರಿ. ಪಾಲಿಗೆ ಮಾಡ್ರಿ. ಹೊಲಾ ನಂದು, ದುಡಿಮಿ ನಿಮ್ದು. ಬಂದ ಪೀಕಿನ್ಯಾಗ ಅರ್ಧಾ ಅರ್ಧಾ."

"ಹೊಲಾ ನಿಮ್ದು ಹೆಂಗ್ರಿ? ಗಡಿಗಿ ನಂದು, ಹುಳ ನಂದು, ಸಿಪ್ಪಿ ನಂದು."

"ಗಚ್ಚಿ ಯಾರ್ದು?"

"ಪಾಲು ಕೊಟ್ಟ ಮ್ಯಾಲ ಬಾಡಿಗಿ ಬಿಡತೀರಿ ಹಂಗಾರ?"

"ಬಾಡಿಗಿ ಮನೀದು, ಪಾಲು ಹೊಲದ್ದು. ಎರಡೂ ಕೂಡಸಬ್ಯಾಡ್ರಿ."

"ಎಷ್ಟ ದಿನಕ್ಕ? ಹನ್ನೊಂದ ತಿಂಗಳಿಗೆ?"

"ಏ ಬಾಯಾರ, ಹೊಲಾ ಯಾರರ ಹನ್ನೊಂದ ತಿಂಗಳಿಗೆ ಕೊಡತಾರೇನು?" ಎಂದು ನಕ್ಕರು, ನನ್ನ ಅಜ್ಞಾನಕ್ಕೆ.

ಹೀಗೆ ದೇಶ ತಿರುಗಿದವಳು ಕೊನೆಗೆ ಸದಾಶಿವನಗರದಲ್ಲಿ ಐದು ಗಡಿಗೆ ಹೊಲದ ಪಾಲಿನ ರೈತಳಾದೆ.

ಆದರೆ ಚಕ್ರ ಕಟ್ಟಿದ ಕಾಲು ಸುಮ್ಮನಿರುತ್ತದೆಯೇ? ಶಿವರಾತ್ರಿಗೆ ಮೊದಲೇ ಅಂಗಾಲು ಕಡಿಯತೊಡಗಿತು. ಶಿಲ್ಲಾಂಗಿನ ಗೆಳತಿ ಫೋನಿನಲ್ಲಿ ಬಾ ಎಂದಳು. ನಾಲ್ಕು ದಿನ ಹೋಗಿ ಬರೋಣವೆಂದು ಪೆಟ್ಟಿಗೆ ತರಲು ಗಚ್ಚಿಗೆ ಹೋದೆ. ನೋಡಿದರೆ ಒಣಗಿದೆಲೆಯ ಮೇಲೆ ಮಣ್ಣು ಬಿದ್ದಿದೆ. ಮಣ್ಣಿನ ತುಂಬ ಹಸಿರು ಎದ್ದಿದೆ. ಅಕ್ಕಾರು ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದರು. ಬಾಜೂಮನೆಯ ತಂಗಳು ನೀರು.

"ಅಕ್ಕಾರ, ಇದು ನನ್ನ ಪೆಟಗಿ!"

"ಬಾಯಿ ತಕ್ಕೊಂಡ ಬಿದ್ದಿತ್ತು, ತಂಗೀ. ಮೆಂತೆ ಹಾಕೇನಿ. ಬ್ಯಾರೆ ಪೆಟಗಿ ತಗೊಂಡ ಹೋಗ್ರಿ."

"ನನಗ ಇರೂದ ಇದೊಂದ ರೀ."

"ಹಂಗಾರ ಕೊಯ್ಯೂಮಟ ಕುಂದರ್ರಿ."

ನಾನು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತೆ. ವಿಮಾನ ನಿಲ್ದಾಣಗಳ ಚೀಟಿ ಇನ್ನೂ ಅಂಟಿಕೊಂಡಿದ್ದ ಮುಚ್ಚಳಕ್ಕೆ ಮೆಂತೆ ಎಲೆಗಳು ಒರಗಿಕೊಂಡಿದ್ದವು. ಹಿಂದಿನಿಂದ, ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದ ಮಾಲಕರ ದನಿ ಬಂತು:

"ಅದರಾಗೂ ಅರ್ಧಾ ನಂದ ಬರತೈತಿ, ಬಾಯಾರ. ನೆನಪಿರಲಿ."